ಟೂರಕ್ಕನ ಸರದಿ

ಟೂರಕ್ಕ ನೋಡದ ಊರಿಲ್ಲ ಎನ್ನುತ್ತಿದ್ದರು ಬೀದಿಯ ಜನ. ಟೂರಕ್ಕ ನೋಡಿದ ಊರೇ ಇಲ್ಲ ಎನ್ನುತ್ತಿದ್ದರು ಅವಳ ಅತ್ತೆ. ವಿಚಿತ್ರವೆಂದರೆ ಎರಡು ಮಾತೂ ನಿಜವಾಗಿದ್ದವು, ಎರಡನ್ನೂ ಟೂರಕ್ಕ ನಗುನಗುತ್ತಲೇ ಒಪ್ಪಿಕೊಳ್ಳುತ್ತಿದ್ದಳು.

ಹೆತ್ತವರು ಇಟ್ಟ ಹೆಸರೊಂದು ಅವಳಿಗೆ ಇದ್ದೇ ಇತ್ತು. ಆದರೆ ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಬಸ್ ಪ್ರವಾಸದ ಕಂಪನಿಯೊಂದರಲ್ಲಿ ಟೂರ್ ಮ್ಯಾನೇಜರ್ ಆಗಿ ಅವಳ ಅರ್ಧ ಆಯಸ್ಸು ಕಳೆದಿತ್ತು. ಡ್ರೈವರುಗಳು ಅಕ್ಕ ಎಂದರು, ಪ್ರಯಾಣಿಕರು ಟೂರಕ್ಕ ಎಂದರು, ಕೊನೆಗೆ ಕಟ್ಟಿಕೊಂಡ ಗಂಡನೂ ಫೋನಿನಲ್ಲಿ ಹಾಗೇ ಹಾಕಿಕೊಂಡ. ಕೆಲಸ ಕೇಳಲು ಸುಲಭ: ಒಂದು ಬಸ್ಸಿನಷ್ಟು ಜನರನ್ನು ಕರೆದುಕೊಂಡು ಹೋಗುವುದು, ಊರು ತೋರಿಸುವುದು, ಅಷ್ಟೂ ಜನರನ್ನು ವಾಪಸ್ ತರುವುದು. ಅದರ ಪಾಡು ಮಾಡಿದವರಿಗೇ ಗೊತ್ತು. ಒಬ್ಬರಿಗೆ ಮಹಡಿಯ ಕೋಣೆ ಆಗದು, ಇನ್ನೊಬ್ಬರಿಗೆ ಕೆಳಗಿನದು ಆಗದು. ಒಬ್ಬರ ಕನ್ನಡಕ ಹಿಂದಿನ ಊರಿನ ದಿಂಬಿನಡಿ ಉಳಿದಿದೆ, ಇನ್ನೊಬ್ಬರ ಹಲ್ಲಿನ ಸೆಟ್ಟು ಬಚ್ಚಲುಮನೆಯ ಲೋಟದಲ್ಲಿ ಉಳಿದಿದೆ. ದಾರಿಯಲ್ಲಿ ತಿರುವುಗಳು ಶುರುವಾದರೆ ಹಿಂದಿನ ಸೀಟುಗಳಿಂದ "ಕವರ್, ಕವರ್" ಎಂಬ ಕೂಗು. ಟೂರಕ್ಕನ ಹೆಗಲಚೀಲದಲ್ಲಿ ವಾಂತಿಯ ಕವರುಗಳು, ಪೆಪ್ಪರ್‌ಮಿಂಟು, ನೋವಿನ ಮುಲಾಮು, ಸೂಜಿದಾರ, ಕಂಡಕ್ಟರುಗಳು ಊದುವಂಥ ಒಂದು ಸ್ಟೀಲ್ ವಿಷಲ್ಲು ಸದಾ ಇರುತ್ತಿದ್ದವು.

ಅತ್ತೆಯದು ಬೇರೆಯೇ ಕಥೆ. ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವರ ಹೊಟ್ಟೆ ತೊಳಸುತ್ತಿತ್ತು. ಮದುವೆಯಾಗಿ ಈ ಮನೆಗೆ ಬರುವಾಗ ಬಸ್ಸು ಹತ್ತಿದ್ದೇ ಕೊನೆ. ಅಂದು ಮದುಮಗನ ಹೊಸ ಅಂಗಿಯ ಮೇಲೆ ಆದದ್ದನ್ನು ಅವರು ಇಂದಿಗೂ ಮರೆತಿರಲಿಲ್ಲ, ಆ ಮದುಮಗ ಬದುಕಿರುವವರೆಗೂ ಮರೆಯಲು ಬಿಟ್ಟಿರಲಿಲ್ಲ. ಹಾಗಾಗಿ ಹಜಾರದ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಪ್ರಪಂಚ, ಕಿಟಕಿಯಾಚೆಗಿನ ಪ್ರಪಂಚಕ್ಕೆಲ್ಲ ಸೊಸೆಯೇ ಕಣ್ಣು. ಆ ಕಣ್ಣೋ, ದೇವರಿಗೇ ಪ್ರೀತಿ.

"ಜಲಪಾತ ಹೇಗಿತ್ತೇ?" ಎಂದು ಅವರು ಆಸೆಯಿಂದ ಕೇಳುವರು.

"ಮೆಟ್ಟಿಲು ತುಂಬ ಜಾರುತ್ತೆ ಅತ್ತೆ. ಕಂಬಿ ಬೇರೆ ಒಂದೇ ಕಡೆ ಹಾಕಿದ್ದಾರೆ."

"ಅರಮನೆ?"

"ಒಳಗೆ ಹೋಗೋಕೆ ದೊಡ್ಡ ಸಾಲು. ಆದ್ರೆ ಹಿಂದಿನ ಬಾಗಿಲಿಂದ ಬೇಗ ಹೊರಗೆ ಬರಬಹುದು."

"ಹೋಗಲಿ, ಮರಳುಗಾಡು?"

"ಶೌಚಾಲಯ ದೂರ."

ಅತ್ತೆ ಹಣೆ ಚಚ್ಚಿಕೊಳ್ಳುವರು. "ಜಗತ್ತಿನ ಶೌಚಾಲಯ ಎಲ್ಲೆಲ್ಲಿದೆ ಅಂತ ನನಗೆ ಬಾಯಿಪಾಠ ಆಗಿದೆ. ನೋಡೋ ಅಂಥದ್ದು ಒಂದೂ ಗೊತ್ತಿಲ್ಲ!" ಬೀದಿಯ ಕೊನೆಯಲ್ಲಿ ಬೀಗದ ಕೈ ಮಾಡುವ ಅಂಗಡಿ ಇಟ್ಟಿದ್ದ ಗಂಡ ಊಟಕ್ಕೆ ಬಂದವನು ಇದನ್ನೆಲ್ಲ ಕೇಳಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದ.

ಟೂರಕ್ಕನಿಗೆ ನೋಡುವ ಆಸೆ ಇರಲಿಲ್ಲವೆಂದಲ್ಲ. ನೋಡಿ ಒಮ್ಮೆ ಕೈ ಸುಟ್ಟುಕೊಂಡಿದ್ದಳು. ಅವಳ ಮೊಟ್ಟಮೊದಲ ಟೂರಿನಲ್ಲಿ, ಸೂರ್ಯ ಮುಳುಗುವುದನ್ನು ನೋಡಲು ಜನ ಸೇರುವ ಗುಡ್ಡವೊಂದರ ಮೇಲೆ ಅವಳೂ ಎಲ್ಲರೊಂದಿಗೆ ನಿಂತು ಮೈಮರೆತಳು. ಆಕಾಶದ ಬಣ್ಣ ಆರುವವರೆಗೂ ನೋಡಿದಳು. ಆಮೇಲೆ ಗಡಿಬಿಡಿಯಲ್ಲಿ ಎಲ್ಲರನ್ನೂ ಹತ್ತಿಸಿ ಹೊರಟಳು. ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಒಂದು ಕುರ್ಚಿ ಖಾಲಿ. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು, ಸ್ವಲ್ಪ ಕಿವಿ ಮಂದ, ಗುಡ್ಡದ ಮೇಲೇ ಉಳಿದುಬಿಟ್ಟಿದ್ದರು. ಜೀವ ಕೈಯಲ್ಲಿ ಹಿಡಿದುಕೊಂಡು ಬಸ್ಸು ತಿರುಗಿಸಿಕೊಂಡು ಹೋದರೆ ಮುದುಕರು ಕಲ್ಲುಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ತಣ್ಣಗೆ ಕೂತಿದ್ದರು. "ಬರ್ತೀಯ ಅಂತ ಗೊತ್ತಿತ್ತಮ್ಮ" ಎಂದರು, ಅಷ್ಟೇ. ಬೈದಿದ್ದರೆ ಬೈಗುಳದ ಜೊತೆ ಸಂಕಟವೂ ಇಳಿದುಹೋಗುತ್ತಿತ್ತೇನೋ. ಅವರು ಬೈಯಲಿಲ್ಲ.

ಅಂದಿನಿಂದ ಟೂರಕ್ಕ ಎಲ್ಲಿಗೆ ಹೋದರೂ ನೋಟಕ್ಕೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಬಸ್ಸಿನಿಂದ ಮೊದಲು ಇಳಿಯುವವಳು ಅವಳು, ಕೊನೆಗೆ ಹತ್ತುವವಳು ಅವಳು. ಹತ್ತಿದ ಮೇಲೆ ಒಂದೊಂದೇ ತಲೆಯನ್ನು ತುಟಿಯಲ್ಲೇ ಎಣಿಸಿಕೊಂಡು ಹಿಂದಿನವರೆಗೂ ಹೋಗಿ ಬಂದು, "ಎಲ್ಲರೂ ಇದ್ದಾರೆ, ಹೊರಡೋಣ" ಎಂದ ಮೇಲೆಯೇ ಡ್ರೈವರ್ ಗೇರಿಗೆ ಕೈ ಹಾಕಬೇಕು. ಯಾರಾದರೂ ಕೇಳಿದರೆ ಹೇಳುವಳು: "ನೋಡೋದು ಅವರ ಕೆಲಸ, ಎಣಿಸೋದು ನನ್ನ ಕೆಲಸ. ಎರಡೂ ಒಟ್ಟಿಗೆ ಆಗೋದಲ್ಲ."

ಅವಳ ಬಸ್ಸಿನಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಟೀಗೆ ನಿಂತು ಮತ್ತೆ ಹೊರಡುವಾಗೆಲ್ಲ ವಿಷಲ್ ಊದಿ "ಸರದಿ!" ಎಂದು ಕೂಗುವಳು. ಕಿಟಕಿಯ ಪಕ್ಕ ಇದ್ದವರು ಏಳಬೇಕು, ಒಳಗಿದ್ದವರು ಕಿಟಕಿಗೆ ಸರಿಯಬೇಕು. ಯಾರಾದರೂ ಮುಖ ಗಂಟಿಕ್ಕಿದರೆ ಸಿದ್ಧ ಉತ್ತರ ಒಂದಿತ್ತು: "ಕಿಟಕಿ ಬಸ್ಸಿನದು, ಸರದಿ ನಿಮ್ಮದು." ಇದಕ್ಕೆ ಜಪ್ಪಯ್ಯ ಅಂದರೂ ಬಗ್ಗದಿದ್ದವರು ಒಬ್ಬರೇ, ಸೋಪಿನ ಹೋಲ್‌ಸೇಲ್ ವ್ಯಾಪಾರದ ಸಾಹುಕಾರರು. ಪ್ರತಿ ವರ್ಷ ಟೂರಿಗೆ ಬರುವರು, ಬಂದ ಕೂಡಲೇ ಕಿಟಕಿ ಹಿಡಿಯುವರು, ವಿಷಲ್ ಕೇಳಿದ್ದೇ ತಡ ಬಾಯಿ ತೆರೆದು ಗೊರಕೆ ಹೊಡೆಯುವರು. ಮಲಗಿರುವವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸುವುದು ಯಾರಿಂದಾದೀತು? ಬಸ್ಸಿನವರು ಅವರನ್ನು ಕಿಟಕಿ ಸಾಹುಕಾರ ಎಂದೇ ಕರೆಯುತ್ತಿದ್ದರು.

ಹೀಗಿರುವಾಗ ಒಂದು ದಿನ ಕಂಪನಿಯ ಯಜಮಾನರು ಆಫೀಸಿನ ಎಲ್ಲರನ್ನೂ ಕೂರಿಸಿಕೊಂಡು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ಇನ್ನು ಮೇಲೆ ನಾವು ಬಾಹ್ಯಾಕಾಶಕ್ಕೂ ಟೂರ್ ಹಾಕುತ್ತೇವೆ ಎಂದರು. ಟಿಕೆಟ್ ಕೌಂಟರಿನವನಿಗೆ ಬಿಸ್ಕತ್ತು ಗಂಟಲಲ್ಲೇ ಸಿಕ್ಕಿಕೊಂಡಿತು.

ಯಜಮಾನರು ತಲೆಕೆಟ್ಟವರಲ್ಲ. ಒಂದು ಹಳೆಯ ವ್ಯಾನಿನಿಂದ ಕಂಪನಿ ಕಟ್ಟಿದವರು. "ನೀವೆಲ್ಲ ನಗಬೇಡಿ" ಎಂದರು. "ವಿಮಾನ ಬಂದಾಗಲೂ ಹೀಗೇ ನಕ್ಕರು. ನಮ್ಮಪ್ಪ ತಾರಸಿ ಹತ್ತಿ ವಿಮಾನಕ್ಕೆ ಕೈ ಬೀಸ್ತಿದ್ರು. ಈಗ ನೋಡಿ, ಅದರೊಳಗೆ ಜನ ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡು ಮಲಗ್ತಾರೆ. ಮೊದಲು ಹೋಗೋರು ಧೈರ್ಯ ಇರೋರು. ಆಮೇಲೆ ಹೋಗೋರು ದುಡ್ಡಿರೋರು. ಅದಾದ ಮೇಲೆ ನಮ್ಮ ಕಸ್ಟಮರು. ಆ ಕಾಲ ಬಂದಾಗ ದಾರಿ ಗೊತ್ತಿರೋ ಕಂಪನಿ ಒಂದು ಬೇಕಲ್ವಾ?"

ಮಾತಿನಲ್ಲಿ ಹುರುಳಿತ್ತು. ರಾಕೆಟ್ಟು ಮಾಡುವುದು ವಿಜ್ಞಾನ ಇರಬಹುದು. ಆದರೆ ಅದು ಪ್ರವಾಸವಾಗುವುದು ಯಾವಾಗ? ವಾಂತಿ ಬಂದರೆ ಏನು ಮಾಡಲಿ, ನನ್ನ ಚೀಲ ಎಲ್ಲಿಡಲಿ, ವಾಪಸ್ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡುವ ಒಬ್ಬರು ಬಾಗಿಲಲ್ಲಿ ನಿಂತಾಗ. ಗಗನನೌಕೆ ನಡೆಸುವ ಕಂಪನಿಯೊಂದು ತನ್ನ ಚಿಕ್ಕ ನೌಕೆಯ ಒಂದು ಇಡೀ ಪ್ರಯಾಣವನ್ನು ಇವರ ಗುಂಪಿಗೇ ಬಿಟ್ಟುಕೊಡಲು ಒಪ್ಪಿತ್ತು. ಗಾಳಿ ಮುಗಿಯುವ ಎತ್ತರ ದಾಟಿ ಹೋಗುವುದು, ಅಲ್ಲಿ ಕೆಲವು ನಿಮಿಷ ತೇಲುವುದು, ಇಳಿದು ಬರುವುದು. "ಬೆಳಿಗ್ಗೆ ತಿಂಡಿ ಮುಗಿಸಿ ಹೋದ್ರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಇದಕ್ಕಿಂತ ಒಳ್ಳೆ ಒಂದು ದಿನದ ಟೂರ್ ಯಾವುದಿದೆ ಹೇಳಿ" ಎಂದು ಯಜಮಾನರು ಕೈ ಉಜ್ಜಿಕೊಂಡರು. ಆಮೇಲೆ ಟೂರಕ್ಕನ ಕಡೆ ತಿರುಗಿ, "ಜನರ ಜೊತೆ ಹೋಗೋದು ನೀನೇ" ಎಂದರು. ಟೂರಕ್ಕ "ಹೂಂ" ಎಂದಳು. ಮರುಭೂಮಿಗೆ ಹೋಗು ಎಂದಾಗಲೂ ಅವಳು ಅಷ್ಟೇ ಅಂದಿದ್ದಳು.

ಸುದ್ದಿ ಹರಡಿದ್ದೇ ತಡ ಆಫೀಸಿನಲ್ಲಿ ಜನಜಾತ್ರೆ. ಹೋಗುವವರು ಕಡಿಮೆ, ವಿಚಾರಿಸುವವರು ಜಾಸ್ತಿ. ಟೂರಕ್ಕ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಎಲ್ಲರಿಗೂ ಉತ್ತರ ಕೊಟ್ಟಳು.

"ಮಧ್ಯೆ ಎಲ್ಲಾದ್ರೂ ಟೀಗೆ ನಿಲ್ಲಿಸ್ತೀರಾ?"

"ನಿಲ್ಲಿಸೋಕೆ ಜಾಗ ಇಲ್ಲ ಸಾರ್. ಬಂದ ಮೇಲೆ ಕುಡಿಯೋಣ."

"ಅಷ್ಟು ದೂರ ಹೋಗಿರ್ತೀವಿ, ಹಾಗೇ ಚಂದ್ರನನ್ನೂ ಮುಗಿಸಿಕೊಂಡು ಬರೋಕಾಗಲ್ವಾ?"

"ಚಂದ್ರ ಬೇರೆ ಪ್ಯಾಕೇಜ್ ಮೇಡಂ. ಇನ್ನೂ ಶುರುವಾಗಿಲ್ಲ."

"ನಮ್ಮ ಯಜಮಾನ್ರನ್ನ ಅಲ್ಲೇ ಬಿಟ್ಟು ಬರೋ ವ್ಯವಸ್ಥೆ ಇದೆಯಾ?"

"ಇಲ್ಲ ಅಮ್ಮ. ಕರ್ಕೊಂಡು ಹೋದವರನ್ನ ಕರ್ಕೊಂಡು ಬರೋದೇ ನಮ್ಮ ಪದ್ಧತಿ."

ಕೊನೆಗೆ ಆರು ಜನ ಗಟ್ಟಿಯಾದರು. ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ ತಂಗಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಳಿಸಿಕೊಡುತ್ತಿದ್ದ, ರಿಟೈರಾದ ಭೂಗೋಳದ ಮೇಷ್ಟ್ರು. ಆರನೆಯವರು, ಬೇರೆ ಯಾರು, ಕಿಟಕಿ ಸಾಹುಕಾರರು.

ಅಂದು ಸಂಜೆ ಮನೆಗೆ ಬಂದು ವಿಷಯ ಹೇಳಿದಾಗ ಗಂಡ ಬೀಗದ ಕೈ ಉಜ್ಜುವ ಅರವನ್ನು ಕೈಯಲ್ಲೇ ಹಿಡಿದುಕೊಂಡು ಬೆಪ್ಪಾಗಿ ನಿಂತ. ಆಮೇಲೆ ಹೆಂಡತಿಯ ಬೆನ್ನಿಗೆ ಒಂದು ಗುದ್ದಿ, ಬೀದಿಗೆಲ್ಲ ಸಾರಲು ಓಡಿದ. ಅತ್ತೆ ಮಾತ್ರ ಸೊಸೆಯನ್ನು ಕುರ್ಚಿಯ ಪಕ್ಕ ಕೂರಿಸಿಕೊಂಡು ಮಣಿಕಟ್ಟು ಹಿಡಿದರು.

"ನೋಡು, ಇಷ್ಟು ವರ್ಷ ನೀನು ಏನು ಹೇಳಿದ್ರೂ ಕೇಳಿಕೊಂಡಿದ್ದೀನಿ. ಈ ಸಲ ಮಾತ್ರ ನೀನು ಕಣ್ಣಾರೆ ನೋಡಿ ಬರಬೇಕು. ಒಂದೇ ಒಂದು ಸಲ."

"ಟಿವಿಯಲ್ಲಿ ದಿನಾ ತೋರಿಸ್ತಾರಲ್ಲ ಅತ್ತೆ."

"ಟಿವಿಯವರು ನನ್ನ ಸೊಸೆಯಾ?" ಅತ್ತೆಯ ದನಿ ಏರಿತು. "ಜಲಪಾತ ಬಿಡು, ಅರಮನೆ ಬಿಡು, ಅವೆಲ್ಲ ಬೇರೆಯವರ ಊರು. ಅಲ್ಲಿಂದ ಕಾಣೋದು ನಾನು ಕೂತಿರೋ ಜಾಗ. ನನ್ನ ಜಾಗ ಹೊರಗಿಂದ ಹೇಗೆ ಕಾಣುತ್ತೆ ಅಂತ ನನ್ನ ಮನೆಯವರ ಬಾಯಿಂದ ಕೇಳಬೇಕು. ಈ ಸಲವೂ ಶೌಚಾಲಯದ ಕಥೆ ಹೇಳಿದ್ರೆ ಒಳಗೆ ಸೇರಿಸಲ್ಲ. ಮಾತು ಕೊಡು."

"ಕೊಟ್ಟೆ ಅತ್ತೆ."

ಕೊಟ್ಟದ್ದೇನೋ ಕೊಟ್ಟಳು, ಆಮೇಲೆ ಭಯವಾಯಿತು. ನೌಕೆ ಹತ್ತುವುದಕ್ಕೆ ಅವಳಿಗೆ ಭಯವಿರಲಿಲ್ಲ. ಜನರಿಗೆ ಬೆನ್ನು ಹಾಕಿ ಆಚೆ ನೋಡುವುದಕ್ಕೆ ಭಯವಿತ್ತು. ಆ ಭಯವನ್ನೇ ಅವಳು ಮರೆತು ಬಹಳ ಕಾಲವಾಗಿತ್ತು.

ಹೊರಡುವ ಮುಂಚೆ ಒಂದು ವಾರ ತರಬೇತಿ. ನೌಕೆ ಏರುವ ಬಯಲಿನ ಪಕ್ಕದ ದೊಡ್ಡ ಶೆಡ್ಡಿನಲ್ಲಿ ನೌಕೆಯ ಒಳಭಾಗವನ್ನೇ ಹೋಲುವ ಮಾದರಿಯೊಂದನ್ನು ಇಟ್ಟಿದ್ದರು. ಒಳಗೆ ಎರಡು ಸಾಲಿನಲ್ಲಿ ಆರು ಸೀಟು, ಹಿಂದೆ ಗೋಡೆಗೆ ಅಂಟಿದ ಒಂದು ಮಡಚುವ ಸೀಟು. ಅದು ಟೂರಕ್ಕನದು. ಊಟದ ತಟ್ಟೆಯಷ್ಟು ಅಗಲದ ದುಂಡು ಕಿಟಕಿಗಳು ಮೂರೇ ಮೂರು, ಮೂರೂ ಒಂದೇ ಪಕ್ಕದಲ್ಲಿ. ಹೇಳಿಕೊಡಲು ಬಂದಿದ್ದ ಚುರುಕು ಹುಡುಗಿ, ಒಂದೊಂದು ಕಿಟಕಿಗೆ ಇಬ್ಬಿಬ್ಬರು ಸೇರಿ ನೋಡಿಕೊಳ್ಳಬಹುದು ಎಂದಳು.

"ಒಂದು ಕಿಟಕಿಗೆ ಎರಡು ತಲೆ ಹಾಕಿದ್ರೆ ಇಬ್ಬರೂ ನೋಡೋದು ಪಕ್ಕದವರ ಕಿವಿ" ಎಂದಳು ಟೂರಕ್ಕ. "ನಮ್ಮ ಜನಕ್ಕೆ ಸರದಿ ಅಭ್ಯಾಸ ಇದೆಯಮ್ಮ. ಮೊದಲರ್ಧ ಮೂವರು, ಆಮೇಲೆ ಮೂವರು. ಆಗುತ್ತಾ?"

ಹುಡುಗಿ ಜೋರಾಗಿ ನಕ್ಕಳು. ಮರುದಿನವೇ ತನ್ನ ಮೇಲಿನವರನ್ನು ಒಪ್ಪಿಸಿಕೊಂಡು ಬಂದಳು. ತೇಲುತ್ತಿರುವಾಗ ಯಾರು ಯಾವ ಹಿಡಿ ಹಿಡಿದು ಯಾವ ಕಡೆಯಿಂದ ಸರಿಯಬೇಕು, ಒಬ್ಬರ ಮೊಣಕಾಲು ಇನ್ನೊಬ್ಬರ ಮೂಗಿಗೆ ತಗುಲದಂತೆ ಹೇಗೆ ತಿರುಗಬೇಕು ಎಂದು ಅವಳೇ ಕಲಿಸಿದಳು. ಅದನ್ನು ಟೂರಕ್ಕನಿಗೆ ಊಹಿಸಲೂ ಆಗುತ್ತಿರಲಿಲ್ಲ. ವಿಷಲ್ಲು ಒಯ್ಯುವಂತಿಲ್ಲ, ಸಡಿಲವಾದ ವಸ್ತು ಎಂದು ಬಾಗಿಲಲ್ಲೇ ಕಸಿದುಕೊಂಡರು. ಬಾಯಿ ಇದೆಯಲ್ಲ ಎಂದಳು ಟೂರಕ್ಕ.

ಅಭ್ಯಾಸ ನೋಡಲು ಎರಡು ಕಣ್ಣು ಸಾಲದು. ನೀಲಿ ಬಣ್ಣದ ಗಗನದ ಉಡುಪು ತೊಟ್ಟ ಆರು ಜನ ದೊಡ್ಡವರು "ಸರದಿ!" ಎಂದ ಕೂಡಲೇ ಗೋಡೆಯ ಹಿಡಿಗಳನ್ನು ಹಿಡಿದುಕೊಂಡು ಒಬ್ಬರನ್ನೊಬ್ಬರು ದಾಟುವುದು, ಡಿಕ್ಕಿ ಹೊಡೆಯುವುದು, ಸಾರಿ ಕೇಳುವುದು. ಸಾಹುಕಾರರು ಮಾತ್ರ ಆ ಉಡುಪಿನಲ್ಲೇ ಗೊರಕೆ ಹೊಡೆದರು. ಎರಡನೇ ಸರದಿಯೇ ನಿಮ್ಮದು, ನಿಮ್ಮನ್ನು ಯಾರೂ ಏಳಿಸುವುದಿಲ್ಲ ಎಂದ ಮೇಲೆ ಒಂದು ಕಣ್ಣು ತೆರೆದರು.

"ಸರಿ, ಇವರೆಲ್ಲರದ್ದೂ ಆಯ್ತು" ಎಂದಳು ತರಬೇತಿಯ ಹುಡುಗಿ. "ನಿಮ್ಮ ಸರದಿ ಯಾವಾಗ?"

"ನನಗೆಂಥ ಸರದಿ? ನಾನು ಡ್ಯೂಟಿ ಮೇಲಿರ್ತೀನಿ. ಯಾರದಾದ್ರೂ ಹಿಂದಿನಿಂದ ಒಂದು ಸಲ ಇಣುಕಿ ನೋಡ್ತೀನಿ ಬಿಡಿ" ಎಂದು ಟೂರಕ್ಕ ಮಾತು ತೇಲಿಸಿದಳು. ಸಾಹುಕಾರರು ಆ ಒಂದು ಕಣ್ಣನ್ನು ಇನ್ನೂ ಮುಚ್ಚಿರಲಿಲ್ಲ.

ಆ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಟೂರಕ್ಕ ಎಲ್ಲರನ್ನೂ ಹತ್ತಿಸಿ, ಬೆಲ್ಟುಗಳನ್ನು ಎಳೆದು ನೋಡಿ, ಕೊನೆಗೆ ತಾನು ಹತ್ತಿ, ಎಂದಿನಂತೆ ತಲೆ ಎಣಿಸಿ, "ಎಲ್ಲರೂ ಇದ್ದಾರೆ, ಹೊರಡೋಣ" ಎಂದಳು. ಮುಂದೆ ಕೂತಿದ್ದ ಪೈಲಟ್ಟು ಇಂಥದ್ದನ್ನು ಎಂದೂ ಕೇಳಿರಲಿಲ್ಲ. ಆದರೂ "ರೈಟ್ ಅಕ್ಕ" ಎಂದ.

ಆಮೇಲಿನದು ಒಂದು ಗುಡುಗು. ಆನೆಯೊಂದು ಬಂದು ಎದೆಯ ಮೇಲೆ ಕೂತಂತಾಯಿತು. ಕೆನ್ನೆಗಳು ಕಿವಿಯ ಕಡೆ ಓಡಿದವು. ಯಾರೋ ದೇವರನ್ನು ಕರೆದರು, ಇನ್ಯಾರೋ ಅಮ್ಮನನ್ನು ಕರೆದರು, ಹಲ್ಲಿನ ಡಾಕ್ಟರು ಹೆಂಡತಿಯನ್ನು ಕರೆದರು. ಇನ್ನು ಸಾಕಪ್ಪ ಎನ್ನುವಷ್ಟರಲ್ಲಿ ಗುಡುಗು ನಿಂತಿತು. ಆನೆ ಎದ್ದುಹೋಯಿತು. ಟೂರಕ್ಕನ ಎರಡೂ ಕೈ ತಾವಾಗಿಯೇ ಮೇಲೆದ್ದವು. "ಬೆಲ್ಟ್ ಬಿಚ್ಚಬಹುದು" ಎಂದಿತು ಪೈಲಟ್ಟಿನ ದನಿ.

ಅಬ್ಬಾ, ಆ ಗದ್ದಲ! ಪಾರ್ಲರಿನ ಅಕ್ಕ ತಂಗಿ ಕಿಟಕಿಗೆ ಮೂಗು ಹಚ್ಚಿ ಒಂದೇ ಸಮನೆ ಕಿರುಚಿದರು. ಎಲ್ಲರಿಗೂ ತಲೆ ಬಾಚುವವರ ಸ್ವಂತ ಕೂದಲೇ ಪೊರಕೆಯಂತೆ ನೆಟ್ಟಗೆ ನಿಂತಿತ್ತು. ಮೂರನೇ ಕಿಟಕಿ ಹಿಡಿಯಬೇಕಾಗಿದ್ದ ಡಾಕ್ಟರು ತಲೆಕೆಳಗಾಗಿ ಚಾವಣಿಗೆ ಅಂಟಿಕೊಂಡರು. ಅವರ ಹೆಂಡತಿ ನಕ್ಕೂ ನಕ್ಕೂ, "ಮನೆಯಲ್ಲೂ ಹೀಗೇ ಇರಿ, ಕಸ ಗುಡಿಸೋಕೆ ಸುಲಭ ಆಗುತ್ತೆ" ಎಂದರು. ಟೂರಕ್ಕನಿಗೆ ಅತ್ತೆಯ ಮಾತು ನೆನಪಿತ್ತು. ಹಿಡಿ ಹಿಡಿದುಕೊಂಡು ತಂಗಿಯ ಹೆಗಲ ಹಿಂದಿನಿಂದ ಇಣುಕಲು ಕತ್ತು ಚಾಚಿದಳು. ಅಷ್ಟರಲ್ಲಿ ಮೇಲಿನಿಂದ "ಕವರ್" ಎಂಬ ಕ್ಷೀಣ ದನಿ.

ಇಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋದೀತು? ಕಾಲು ತನ್ನಷ್ಟಕ್ಕೆ ಗೋಡೆಯನ್ನು ಒದ್ದಿತು, ಟೂರಕ್ಕ ಬಾಣದಂತೆ ಡಾಕ್ಟರ ಬಳಿ ಇದ್ದಳು. ಉಡುಪಿನ ಜೇಬಿನಿಂದ ಕವರು ತೆಗೆದು ಹಿಡಿದು, ಬಾಯಿ ಒರೆಸಿ, ನೇರ ಮಾಡಿ, ಪೆಪ್ಪರ್‌ಮಿಂಟು ಕೊಟ್ಟು ಅವರನ್ನು ಕಿಟಕಿಗೆ ತಂದು ನಿಲ್ಲಿಸಿದಳು. ಒಂದು ಗಳಿಗೆ ಆಚೆ ನೋಡಿದ್ದೇ ಡಾಕ್ಟರು ಬಾಯಿ ತೆರೆದವರು ಮುಚ್ಚಲಿಲ್ಲ. ಊರವರ ಬಾಯಿ ತೆರೆಸುವ ಮನುಷ್ಯನಿಗೆ ಅದು ಹೊಸ ಅನುಭವ. ಅವರಿಗೆ ಇನ್ನಷ್ಟು ಹೊತ್ತು ಕೊಟ್ಟು ಟೂರಕ್ಕ ಗಂಟಲೆತ್ತಿ ಕೂಗಿದಳು: "ಸರದಿ!"

ಎಲ್ಲರೂ ಒಂದೊಂದು ದಿಕ್ಕಿಗೆ ತೇಲಿದರು, ಯಾರದೋ ಕಾಲುಚೀಲ ಯಾರದೋ ಕಿವಿಗೆ ತಗುಲಿತು, ಆದರೂ ಕಲಿತ ಪಾಠ ಕೈಕೊಡಲಿಲ್ಲ. ಡಾಕ್ಟರ ಹೆಂಡತಿ ಒಂದು ಕಿಟಕಿಗೆ, ಸಾಹುಕಾರರು ಮಧ್ಯದ ಕಿಟಕಿಗೆ ಬಂದರು. ಮೂರನೆಯದರ ಮುಂದೆ ಯಾರೂ ಇಲ್ಲ. ಭೂಗೋಳದ ಮೇಷ್ಟ್ರು ಸೀಟಿನ ಹಿಡಿ ಬಿಟ್ಟಿರಲೇ ಇಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದರು.

ಟೂರಕ್ಕ ಕಿಟಕಿಗಳಿಗೆ ಬೆನ್ನು ಹಾಕಿ ಅವರ ಮುಂದೆ ತೇಲಿ ನಿಂತಳು. "ಮೇಷ್ಟ್ರೇ, ತಲೆ ತಿರುಗ್ತಿದೆಯಾ?"

"ಇಲ್ಲಮ್ಮ."

"ಮತ್ತೆ ಕಣ್ಣು ಬಿಡಿ."

"ಭಯ ಆಗುತ್ತೆ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ. "ಕೆಲಸ ಮಾಡಿದಷ್ಟು ವರ್ಷವೂ ಮಕ್ಕಳಿಗೆ ಒಂದೇ ಪಾಠ ಹೇಳಿದ್ದೀನಿ, ಭೂಮಿ ದುಂಡಗಿದೆ ಅಂತ. ನಾನೇ ನೋಡಿಲ್ಲ, ಪುಸ್ತಕ ನಂಬಿ ಹೇಳಿದೆ. ಈಗ ನೋಡಿದ್ರೆ ಬೇರೆ ಥರ ಇದ್ರೆ?"

"ಬೇರೆ ಥರ ಇದ್ರೆ ಹೋಗಿ ತಿದ್ದಿ ಹೇಳಿದ್ರಾಯ್ತು. ಹೇಗೂ ನಿಮ್ಮನ್ನ ಕಳಿಸಿದವರೇ ಅವರು. ಬನ್ನಿ."

ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈ ಹಿಡಿದು ಕಿಟಕಿಗೆ ಕರೆತಂದಳು. ಮೇಷ್ಟ್ರು ಕಣ್ಣು ಬಿಟ್ಟರು. ಟೂರಕ್ಕ ಎಂದಿನಂತೆ ಅವರ ಮುಖವನ್ನೇ ನೋಡುತ್ತಿದ್ದಳು. ಆ ಮುಖದ ಸುಕ್ಕುಗಳ ಮೇಲೆ ಒಂದು ನೀಲಿ ಬೆಳಕು ಹರಡಿತು.

"ಬಾಗಿದೆ!" ಎಂದು ಮೇಷ್ಟ್ರು ಕೂಗಿಕೊಂಡರು. "ಬಾಗಿದೆ ಕಣಮ್ಮ! ನಾನು ಬೋರ್ಡಿನ ಮೇಲೆ ಗೀಟು ಎಳೀತಿದ್ನಲ್ಲ, ಹಾಗೇ ಇದೆ! ನಾನು ಸುಳ್ಳು ಹೇಳಿರಲಿಲ್ಲ!" ನೌಕೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಚಪ್ಪಾಳೆಯ ರಭಸಕ್ಕೆ ತಂಗಿ ಹಿಂದಕ್ಕೆ ತೇಲಿಹೋದಳು. ಟೂರಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ತಾನಿನ್ನೂ ನೋಡಿಲ್ಲ ಎಂಬುದೇ ಮರೆತುಹೋಯಿತು.

ಪೈಲಟ್ಟಿನ ದನಿ ಬಂತು. ಇನ್ನು ಸ್ವಲ್ಪ ಹೊತ್ತಿಗೆ ಇಳಿಯಲು ಶುರು, ಎಲ್ಲರೂ ಸೀಟುಗಳಿಗೆ ಹಿಂತಿರುಗಲು ಸಿದ್ಧರಾಗಿ.

ಟೂರಕ್ಕನಿಗೆ ಆಗ ನೆನಪಾಯಿತು. ಅತ್ತೆಗೆ ಕೊಟ್ಟ ಮಾತು! ಆದರೆ ಈಗ ತಾನು ಕಿಟಕಿಗೆ ಹೋದರೆ ಇವರನ್ನೆಲ್ಲ ಕೂರಿಸುವವರು ಯಾರು? "ಎಲ್ಲರೂ ಸೀಟಿಗೆ ಬನ್ನಿ" ಎನ್ನುತ್ತ ಅವಳು ಹಿಂದಿನ ಮಡಚುವ ಸೀಟಿನ ಕಡೆ ತಿರುಗಿದಳು. ತನ್ನ ಮೇಲೆ ತನಗೇ ಅಳು ಬರುವಷ್ಟು ಕೋಪ ಬಂದಿತ್ತು.

ತೋಳನ್ನು ಯಾರೋ ಹಿಡಿದುಕೊಂಡರು. ನೋಡಿದರೆ ಸಾಹುಕಾರರು. ಇನ್ನೊಂದು ಕೈಯಲ್ಲಿ ಕಿಟಕಿಯ ಹಿಡಿ ಹಾಗೇ ಇತ್ತು. ಟೂರಕ್ಕನನ್ನು ನೋಡಿದರು, ಕಿಟಕಿಯನ್ನು ನೋಡಿದರು, ಮತ್ತೆ ಟೂರಕ್ಕನನ್ನು ನೋಡಿದರು. ಹುಟ್ಟಿದಾಗಿನಿಂದ ಯಾವ ಕಿಟಕಿಯನ್ನೂ ಬಿಟ್ಟುಕೊಡದ ಮನುಷ್ಯ ಆ ಹಿಡಿಯನ್ನು ಬಿಟ್ಟರು.

"ಬನ್ನಿ ಟೂರಕ್ಕ" ಎಂದರು. "ಕಿಟಕಿ ನೌಕೆಯದು, ಸರದಿ ನಿಮ್ಮದು."

"ಅಯ್ಯೋ, ಬೇಡ ಸಾಹುಕಾರ್ರೇ, ನಾನು ಡ್ಯೂಟಿ ಮೇಲೆ..."

"ನಾವೇನು ಮಕ್ಕಳಾ? ನಾವು ಕೂರ್ತೀವಿ" ಎಂದರು ಡಾಕ್ಟರ ಹೆಂಡತಿ. "ಸರದಿ!" ಎಂದು ಕೂಗಿದಳು ತಂಗಿ. "ಸರದಿ! ಸರದಿ!" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು, ಮೇಷ್ಟ್ರಂತೂ ತರಗತಿಯ ದನಿಯಲ್ಲೇ ಕೂಗಿದರು. ಸಾಹುಕಾರರು ಅವಳನ್ನು ಭುಜ ಹಿಡಿದು ತಿರುಗಿಸಿ ಕಿಟಕಿಯ ಮುಂದೆ ತಂದು ನಿಲ್ಲಿಸಿದರು.

ಟೂರಕ್ಕ ನೋಡಿದಳು.

ಮೇಲೆಲ್ಲ ಕಪ್ಪು. ರಾತ್ರಿಯ ಕಪ್ಪಲ್ಲ, ಆಗಷ್ಟೇ ಒರೆಸಿಟ್ಟ ಶುಭ್ರವಾದ ಕಪ್ಪು. ಅದರ ಕೆಳಗೆ ಒಂದು ಉದ್ದನೆಯ ಬಾಗಿದ ಅಂಚು. ಅಂಚಿನ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಗಾಳಿಯ ಪದರ ಹೊಳೆಯುತ್ತಿತ್ತು. ಒಳಗೆ ನೀಲಿ, ಬಿಳಿ, ಕಂದು, ಎಲ್ಲ ಒಂದಕ್ಕೊಂದು ತಾಗಿಕೊಂಡು, ಎಲ್ಲೂ ಗದ್ದಲವಿಲ್ಲದೆ. ಪೂರ್ತಿ ಚೆಂಡು ಕಾಣಲಿಲ್ಲ, ಆ ನೌಕೆ ಅಷ್ಟು ಎತ್ತರಕ್ಕೆ ಹೋಗುವಂಥದ್ದಲ್ಲ. ಕಂಡಷ್ಟೇ ಅವಳಿಗೆ ಉಸಿರು ಕಟ್ಟುವಷ್ಟಿತ್ತು. ನಗು ಬಂತು. ಕಣ್ಣೀರೂ ಬಂತು. ಅದು ಕೆನ್ನೆಗೆ ಇಳಿಯದೆ ಕಣ್ಣಲ್ಲೇ ಗುಂಡಗೆ ನಿಂತಿತು.

ಬೆನ್ನ ಹಿಂದೆ ಬೆಲ್ಟುಗಳು ಕಟಕಟ ಎಂದು ಬೀಳುವುದು ಕೇಳುತ್ತಿತ್ತು. ಅವಳು ತಿರುಗಲಿಲ್ಲ. ಅವಳ ತುಟಿಗಳು ಮಾತ್ರ ಅಲುಗುತ್ತಿದ್ದವು.

"ಏನು ಎಣಿಸ್ತಿದ್ದೀರಿ?" ಎಂದರು ಪಕ್ಕದಲ್ಲೇ ತೇಲುತ್ತಿದ್ದ ಸಾಹುಕಾರರು.

"ಏನಿಲ್ಲ" ಎಂದು ಟೂರಕ್ಕ ಮೂಗು ಒರೆಸಿಕೊಂಡಳು. "ಎಲ್ಲರೂ ಇದ್ದಾರೆ. ಹೊರಡೋಣ."

ಮಧ್ಯಾಹ್ನದ ಊಟಕ್ಕೆ ಯಜಮಾನರು ಹೇಳಿದ್ದಂತೆಯೇ ಎಲ್ಲರೂ ಬಯಲಿನಲ್ಲಿದ್ದರು. ಇಳಿದ ಕೂಡಲೇ ಯಜಮಾನರು ಮುಂದಿನ ಟ್ರಿಪ್ಪಿನ ಮಾತೆತ್ತಿದರು. ಸಾಹುಕಾರರು, ತಮ್ಮ ಸರದಿ ಸ್ವಲ್ಪ ಬಾಕಿ ಉಳಿದಿದೆ, ಅದನ್ನು ಆಗ ಕೊಡಬೇಕು ಎಂದು ಪಟ್ಟು ಹಿಡಿದರು. ಹೋದ ಪ್ರಾಣ ಬಂದಂತಾಯಿತು ಟೂರಕ್ಕನಿಗೆ. ಅವರು ಬದಲಾಗಿಬಿಟ್ಟರೇನೋ ಎಂದು ಅವಳಿಗೆ ಒಳಗೊಳಗೇ ಕಳವಳವಾಗಿತ್ತು.

ಮನೆಗೆ ಬಂದಾಗ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಇದ್ದರು. ಗಂಡ ಅಂಗಡಿ ಮುಚ್ಚಿ ಬಂದು ಕೂತಿದ್ದ. ಚೀಲ ಇಳಿಸುವುದಕ್ಕೂ ಬಿಡದೆ ಅತ್ತೆ ಕೇಳಿದರು: "ಹೇಗಿತ್ತೇ?"

ಟೂರಕ್ಕ ಗಂಭೀರವಾಗಿ ಹೇಳಿದಳು: "ಬೆಲ್ಟು ಸ್ವಲ್ಪ ಬಿಗಿ ಅತ್ತೆ. ಶೌಚಾಲಯ ಇಲ್ಲವೇ ಇಲ್ಲ."

ಅತ್ತೆಯ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ಟೂರಕ್ಕ ಓಡಿಹೋಗಿ ಅವರ ಕಾಲ ಬಳಿ ಕೂತಳು. "ತಮಾಷೆ ಮಾಡ್ದೆ ಅತ್ತೆ, ತಮಾಷೆ! ನೋಡ್ದೆ. ಕಣ್ತುಂಬ ನೋಡ್ದೆ."

ಆಮೇಲೆ ಅವಳು ಹೇಳತೊಡಗಿದಳು. ಕಪ್ಪನ್ನು ಹೇಳಿದಳು, ನೀಲಿಯನ್ನು ಹೇಳಿದಳು, ಹಾಲಿನ ಕೆನೆಯನ್ನು ಹೇಳಿದಳು, ಒಂದು ಕಿಟಕಿಗೆ ಎರಡು ತಲೆ ಹಾಕಿದರೆ ಪಕ್ಕದವರ ಕಿವಿಯೇ ಕಾಣುವುದನ್ನೂ ಹೇಳಿದಳು. ಇಷ್ಟು ವರ್ಷ ಕೂಡಿಟ್ಟಿದ್ದ ಮಾತೆಲ್ಲ ಒಂದೇ ಸಲ ಹೊರಬಂದಂತಿತ್ತು. ಗಂಡ ಕಾಯಿಸಿದ ಟೀ ಆರಿತು, ಮತ್ತೆ ಕಾಯಿಸಿದ, ಅದೂ ಆರಿತು. ಅತ್ತೆ ನಡುನಡುವೆ "ಆಮೇಲೆ?" ಎನ್ನುವುದನ್ನು ಬಿಟ್ಟರೆ ಉಸಿರೆತ್ತಲಿಲ್ಲ.

"ನೋಡ್ತಾ ನೋಡ್ತಾ ನಂಗೊತ್ತಿಲ್ಲದೆ ಎಣಿಸೋಕೆ ಶುರು ಮಾಡಿದೆ ಅತ್ತೆ. ಮೊದಲು ನಿಮ್ಮನ್ನ ಎಣಿಸಿದೆ. ಆಮೇಲೆ ಇವರು. ನಮ್ಮ ಡ್ರೈವರುಗಳು. ಇಷ್ಟು ವರ್ಷ ಬಸ್ಸಲ್ಲಿ ಕರ್ಕೊಂಡು ಹೋದವರು. ಆ ಪೋಸ್ಟ್‌ಮ್ಯಾನ್ ತಾತನನ್ನೂ ಎಣಿಸಿದೆ. ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು, ಆದ್ರೂ ಅಲ್ಲೇ ಎಲ್ಲೋ ಮಣ್ಣಲ್ಲಿ ಇದ್ದಾರಲ್ಲ. ಎಲ್ಲರೂ ಅದರಲ್ಲೇ ಇದ್ರು ಅತ್ತೆ. ಒಬ್ಬರೂ ಬಿಟ್ಟುಹೋಗಿರಲಿಲ್ಲ." ಅವಳು ಅತ್ತೆಯ ಮಂಡಿಯ ಮೇಲೆ ಕೈಯಿಟ್ಟಳು. "ನೋಡೋದು, ಎಣಿಸೋದು ಎರಡೂ ಒಟ್ಟಿಗೆ ಆಗಲ್ಲ ಅಂದ್ಕೊಂಡಿದ್ದೆ. ಅಲ್ಲಿಂದ ಆಗುತ್ತೆ."

ಅತ್ತೆ ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು: "ಆಗ ನಾನು ಏನು ಮಾಡ್ತಿದ್ದೆ?"

"ನೀವು ಕಿಟಕಿ ಹತ್ರ ಕೂತಿದ್ರಿ."

"ಹೌದೇ, ಕೂತಿದ್ದೆ!" ಅತ್ತೆಯ ಮುಖ ಅರಳಿತು. "ಬೆಳಿಗ್ಗೆಯಿಂದ ಇಲ್ಲೇ ಕೂತು ಮೇಲೆ ನೋಡ್ತಿದ್ದೆ. ಸರಿಯಾಗೇ ನೋಡಿದ್ದೀಯ." ಆಮೇಲೆ ಏನೋ ಹೊಳೆದಂತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅಲ್ವೇ, ಆ ನೌಕೆಯಲ್ಲಿ ಬಸ್ಸಿನ ವಾಸನೆ ಇರುತ್ತಾ?"

"ಇಲ್ಲ ಅತ್ತೆ. ಸ್ವಲ್ಪವೂ ಇಲ್ಲ."

"ಹಾಗಾದ್ರೆ ಮುಂದಿನ ಸಲಕ್ಕೆ ನಂದೂ ಒಂದು ಸೀಟು ಹಿಡಿ" ಎಂದರು ಅತ್ತೆ. "ನನ್ನ ಸರದಿ ಬಂದಾಗ ನೀನೂ ಪಕ್ಕದಲ್ಲಿ ನಿಂತು ನೋಡ್ಬೇಕು. ನನ್ನ ಕಿವಿ ಕಂಡರೂ ಪರವಾಗಿಲ್ಲ."